ಖತಾವಣಿ ಸಾಲದು, ಕಿರ್ದಿ ತೋರಿಸಿ: ಯುವ ಸಂಶೋಧಕರಿಗೆ 12 ಸೂತ್ರಗಳು

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಖರೀದಿದಾರ ಅಂಡಿಗೆಯ ಬಾಯಿ ನೋಡಿ ದರ ಹೇಳುವುದಿಲ್ಲ. ಕೈಯನ್ನು ಒಳಗೆ ತೂರಿಸಿ ತಳದ ಹತ್ತಿಯನ್ನು ಹಿಡಿ ತುಂಬ ಎಳೆದು ತೆಗೆಯುತ್ತಾನೆ. ಎಳೆ ಬಿಡಿಸಿ ನೋಡುತ್ತಾನೆ. ತೇವ ಇದೆಯೇ, ಕಸ ಇದೆಯೇ ಎಂದು ಮುಟ್ಟಿ ತಿಳಿಯುತ್ತಾನೆ. ಮಾಲು ಚೆನ್ನಾಗಿದ್ದ ರೈತ ಅದಕ್ಕೆ ಬೇಸರಪಡುವುದಿಲ್ಲ. "ಇನ್ನೂ ಒಳಗ ಕೈ ಹಾಕ್ರಿ" ಎನ್ನುತ್ತಾನೆ.

ವಿಜ್ಞಾನದಲ್ಲೂ ಹೀಗೆ ಒಳಗೆ ಕೈ ಹಾಕುವವರಿದ್ದಾರೆ. ನೀವು ಪತ್ರಿಕೆಗೆ ಕಳಿಸಿದ ಪ್ರಬಂಧವನ್ನು ಸಂಪಾದಕರು ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕೊಟ್ಟು ಪರೀಕ್ಷೆ ಮಾಡಿಸುತ್ತಾರೆ. ಇದೇ ಪೀರ್ ರಿವ್ಯೂ. ಆ ರಿವ್ಯೂವರ್ ಒಮ್ಮೊಮ್ಮೆ ಕೇಳುತ್ತಾರೆ: "ನಿಮ್ಮ ಮೂಲ ದತ್ತಾಂಶ ತೋರಿಸಿ." ಇನ್ನೂ ಎಲ್ಲೂ ಅಚ್ಚಾಗದ, ಮೂರ್ನಾಲ್ಕು ವರ್ಷ ಬೆವರು ಸುರಿಸಿ ಕೂಡಿಸಿದ ಅಂಕಿಗಳವು. ಕೇಳಿದ ಕೂಡಲೇ ಎದೆ ಢವಢವ. ಯಾರಾದರೂ ಕದ್ದರೆ? ತಪ್ಪು ಸಿಕ್ಕರೆ? ನಂಬಿ ಮಾಹಿತಿ ಕೊಟ್ಟ ಹಳ್ಳಿಯವರ ಗುಟ್ಟು ಹೊರಬಿದ್ದರೆ?

ನಮ್ಮ ಬೆಳಗಾವಿ ಜಿಲ್ಲೆಯ ಮುರಗೋಡ, ಯರಗಟ್ಟಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಂದ ಇಂದು ಹುಡುಗ ಹುಡುಗಿಯರು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯ ಕಾಲೇಜುಗಳಿಗೆ ಹೋಗಿ ಸಂಶೋಧನೆ ಮಾಡುತ್ತಿದ್ದಾರೆ. ಎಷ್ಟೋ ಮಂದಿ ಮನೆತನದಲ್ಲೇ ಮೊದಲ ಪಿಎಚ್‌ಡಿ. ಈ ದಾರಿ ತೋರಿಸುವ ಅಪ್ಪ, ಅಣ್ಣ ಮನೆಯಲ್ಲಿರುವುದಿಲ್ಲ. ಈ ಹನ್ನೆರಡು ಸೂತ್ರಗಳು ಅವರಿಗಾಗಿ.

1. ಮೊದಲ ದಿನದಿಂದಲೇ ಕಿರ್ದಿ ಬರೆಯಿರಿ

ನಮ್ಮ ಊರಿನ ಅಂಗಡಿಕಾರರಿಗೆ ಕಿರ್ದಿ, ಖತಾವಣಿಯ ವ್ಯತ್ಯಾಸ ಗೊತ್ತು. ದಿನದಿನದ ವ್ಯವಹಾರ ಬಂದ ಹಾಗೆ ಬರೆಯುವುದು ಕಿರ್ದಿ. ಅದನ್ನು ಖಾತೆವಾರು ಜೋಡಿಸಿದ್ದು ಖತಾವಣಿ. ಪ್ರಬಂಧದ ಕೋಷ್ಟಕಗಳು ಖತಾವಣಿ ಇದ್ದಂತೆ. ರಿವ್ಯೂವರ್ ಕೇಳುವುದು ಕಿರ್ದಿ.

ಹೊಲದಲ್ಲಿ ಬರೆದ ಪುಸ್ತಕವನ್ನು ಅಂದೇ ಸಂಜೆ ಫೋಟೊ ತೆಗೆದಿಡಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತಾರೀಖು ಹಾಕಿ, ಮೇಲೆಯೇ ತಿದ್ದಬೇಡಿ. ಕಂಪ್ಯೂಟರಿನಲ್ಲಿ ಮೂಲ ಕಡತವನ್ನು ಬೀಗ ಹಾಕಿದಂತೆ ಇಡಿ. ತಿದ್ದುಪಡಿ, ಲೆಕ್ಕಾಚಾರ ಎಲ್ಲ ಅದರ ಪ್ರತಿಯಲ್ಲಿ ನಡೆಯಲಿ. ಯಾವ ಅಂಕಿಯನ್ನು ಏಕೆ ಕೈಬಿಟ್ಟಿರಿ ಎಂಬುದಕ್ಕೂ ಒಂದು ಸಾಲು ಇರಲಿ. ಕಿರ್ದಿ ಸರಿಯಿದ್ದವರಿಗೆ ರಿವ್ಯೂವರ್ ಯಾವತ್ತು ಕೇಳಿದರೂ ಭಯವಿಲ್ಲ.

2. ಅಳೆದದ್ದು ಹೇಗೆಂದು ಹೇಳಿ

ಬರೀ ಅಂಕಿಗೆ ಬೆಲೆ ಇಲ್ಲ, ಅದರ ಹಿಂದಿನ ಅಳತೆಗಿದೆ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವದ ಬಗ್ಗೆ ಅಧ್ಯಯನ ಮಾಡಿದರು. ಅಲ್ಲಿ ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಬರೆಯಲಿಲ್ಲ. ಕೆಳಗೆ ಗೆರೆಗುರುತಿನ ಚೀಲವಿದ್ದ ಪ್ಲಾಸ್ಟಿಕ್ ಹಾಳೆಯನ್ನು ತಾಯಿಯ ಕೆಳಗೆ ಹಾಸಿ ಅಳೆದರು. ಇದೇ ತಂಡ ಕಣ್ಣಂದಾಜನ್ನೂ ಹಾಳೆಯ ಅಳತೆಯನ್ನೂ ಹೋಲಿಸಿ ನೋಡಿತು. ಕಣ್ಣಂದಾಜು ಶೇ. 33ರಷ್ಟು ಕಡಿಮೆ ಹೇಳುತ್ತಿತ್ತು!

ನಿಮ್ಮ ಕೆಲಸಕ್ಕೂ ಇದೇ ಮಾತು. ಸೋಯಾ ಅವರೆಯ ತುಕ್ಕು ರೋಗಕ್ಕೆ 0ಯಿಂದ 9ರವರೆಗೆ ಅಂಕ ಕೊಡುತ್ತೀರಿ. ಅಂಕ ಕೊಟ್ಟವರು ಒಬ್ಬರೇ, ಇಬ್ಬರೇ? ಬಿತ್ತಿದ ಎಷ್ಟನೆಯ ದಿನ? ಎಷ್ಟು ಗಿಡ, ಯಾವ ಎಲೆ? ದತ್ತಾಂಶದ ಜೊತೆ ಇದನ್ನೂ ಕೊಡಿ. ಅರ್ಧ ಪ್ರಶ್ನೆಗಳು ಹುಟ್ಟುವ ಮೊದಲೇ ತೀರುತ್ತವೆ.

3. ಕೇಳುವ ಮೊದಲೇ ಕೊಡಿ

ಜಪಾನಿನ ವಿಜ್ಞಾನಿ ತ್ಸುಯೋಶಿ ಮಿಯಾಕಾವಾ 'ಮಾಲಿಕ್ಯುಲರ್ ಬ್ರೇನ್' ಪತ್ರಿಕೆಯ ಸಂಪಾದಕರಾಗಿ ಕೆಲಸ ಮಾಡಿದವರು. ತಮ್ಮ ಕೈಗೆ ಬಂದ ಪ್ರಬಂಧಗಳಲ್ಲಿ 41 ಪ್ರಬಂಧಗಳ ಲೇಖಕರಿಗೆ, ರಿವ್ಯೂಗೆ ಕಳಿಸುವ ಮೊದಲು ಮೂಲ ದತ್ತಾಂಶ ಕೊಡಿ ಎಂದು ಅವರು ಬರೆದರು. 21 ಮಂದಿ ಪ್ರಬಂಧವನ್ನೇ ವಾಪಸ್ ಪಡೆದರು. ಉಳಿದ 20ರಲ್ಲಿ 19 ಪ್ರಬಂಧಗಳು ಬೇಕಾದಷ್ಟು ದತ್ತಾಂಶ ಇಲ್ಲವೆಂದು ತಿರಸ್ಕಾರವಾದವು. ದಾಟಿದ್ದು ಒಂದೇ ಒಂದು! ಈ ಲೆಕ್ಕವನ್ನು ಅವರು 2020ರಲ್ಲಿ ಪ್ರಕಟಿಸಿದರು.

ಇದರಿಂದ ಹೆದರಬೇಡಿ, ದಾರಿ ಕಂಡುಕೊಳ್ಳಿ. ಪ್ರಬಂಧದ ಜೊತೆಗೇ ದತ್ತಾಂಶದ ಕೊಂಡಿ ಕಳಿಸುವವರ ಮೇಲೆ ಸಂಪಾದಕರಿಗೆ ಮೊದಲ ಪುಟದಲ್ಲೇ ವಿಶ್ವಾಸ ಮೂಡುತ್ತದೆ. ದೊಡ್ಡ ಸಂಸ್ಥೆಯ ಹೆಸರಿಲ್ಲದ, ಹಳ್ಳಿಯಿಂದ ಬಂದ ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ಇನ್ನೊಂದಿಲ್ಲ.

4. ನೋಡದ ದತ್ತಾಂಶದ ಕೆಳಗೆ ಸಹಿ ಹಾಕಬೇಡಿ

2020ರ ಮೇ 22ರಂದು 'ದಿ ಲ್ಯಾನ್ಸೆಟ್' ಪತ್ರಿಕೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕುರಿತ ಪ್ರಬಂಧ ಪ್ರಕಟಿಸಿತು. 96 ಸಾವಿರ ಕೋವಿಡ್ ರೋಗಿಗಳ ದಾಖಲೆ ಅದರ ಆಧಾರ ಎಂದಿತ್ತು. ಅದನ್ನು ಓದಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನು ಕೆಲಕಾಲ ತಡೆಹಿಡಿಯಿತು. ಅನುಮಾನ ಬಂದಾಗ ಸ್ವತಂತ್ರ ಪರಿಶೀಲಕರು ಮೂಲ ದತ್ತಾಂಶ ಕೇಳಿದರು. ಅದನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ಕೊಡಲಿಲ್ಲ. ನಾಲ್ವರು ಲೇಖಕರಲ್ಲಿ ಮೂವರ ಕೋರಿಕೆಯಂತೆ ಜೂನ್ 4ರಂದು ಪ್ರಬಂಧ ವಾಪಸಾಯಿತು. ಎರಡೇ ವಾರದ ಆಯುಷ್ಯ. ಆ ಬಳಿಕ ಲ್ಯಾನ್ಸೆಟ್ ಒಬ್ಬರಿಗಿಂತ ಹೆಚ್ಚು ಲೇಖಕರು ದತ್ತಾಂಶವನ್ನು ಕಣ್ಣಾರೆ ಪರಿಶೀಲಿಸಿರಬೇಕೆಂಬ ನಿಯಮ ತಂದಿತು.

ಪ್ರಬಂಧದಲ್ಲಿ ನಿಮ್ಮ ಹೆಸರಿದ್ದರೆ ಮೂಲ ಕಡತವನ್ನು ನೀವು ತೆರೆದು ನೋಡಿರಬೇಕು. ಎಷ್ಟೇ ದೊಡ್ಡವರು ಕೊಟ್ಟ ಅಂಕಿಯಾದರೂ ಸರಿ.

5. ರಾಜಮಾರ್ಗದಲ್ಲೇ ಕಳಿಸಿ

ರಿವ್ಯೂವರ್ ಯಾರೆಂದು ಗೊತ್ತಾಗಿದ್ದರೂ ಅವರಿಗೆ ನೇರ ಮೇಲ್ ಮಾಡಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಡತ ತೂರಬೇಡಿ. ಸಂಪಾದಕರ ಮೂಲಕವೇ ಹೋಗಲಿ. ಆಗ ಏನು, ಯಾವಾಗ, ಯಾರಿಗೆ ಕೊಟ್ಟಿರಿ ಎಂಬುದಕ್ಕೆ ದಾಖಲೆ ಉಳಿಯುತ್ತದೆ.

ಪ್ರಕಟಣೆಗೆ ಮೊದಲೇ ಗುಟ್ಟಾಗಿ ತೋರಿಸಲು ಒಳ್ಳೆಯ ಭಂಡಾರಗಳಿವೆ. ಡ್ರಯಾಡ್, ಫಿಗ್‌ಶೇರ್‌ಗಳಲ್ಲಿ ದತ್ತಾಂಶವನ್ನು ಇಟ್ಟು ರಿವ್ಯೂವರ್‌ಗೆ ಮಾತ್ರ ಖಾಸಗಿ ಕೊಂಡಿ ಕೊಡಬಹುದು. ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ನಿಮ್ಮ ಹೆಸರು ಕಾಣದಂತೆ ಕೊಂಡಿ ಮಾಡುವ ಸೌಲಭ್ಯವಿದೆ; ಲೇಖಕರ ಹೆಸರು ಮುಚ್ಚಿ ರಿವ್ಯೂ ಮಾಡಿಸುವ ಪತ್ರಿಕೆಗಳಿಗೆ ಅದೇ ಬೇಕು. ಜೀನ್‌ಗಳ ದತ್ತಾಂಶವಾದರೆ ಜಿಇಒ ಭಂಡಾರ ರಿವ್ಯೂವರ್‌ಗೆಂದೇ ಪ್ರತ್ಯೇಕ ಟೋಕನ್ ಕೊಡುತ್ತದೆ. ನಮ್ಮ ದೇಶದ್ದೇ ಆದ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್ 2022ರಲ್ಲಿ ಫರೀದಾಬಾದಿನಲ್ಲಿ ಉದ್ಘಾಟನೆಯಾಗಿದೆ.

ಕಳಿಸುವ ಮುನ್ನ ಲಾಗಿನ್ ಆಗದ ಬೇರೆ ಫೋನಿನಲ್ಲಿ ಕೊಂಡಿ ತೆರೆದು ನೋಡಿ. ತೆರೆಯದ ಕೊಂಡಿ ಕೊಟ್ಟರೆ ಕೊಡದಂತೆಯೇ ಲೆಕ್ಕ.

6. 'ಗೋಪ್ಯ' ಎಂದು ಬರೆಯಿರಿ, ತಾರೀಖು ಹಾಕಿ

1952ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಸಮಿತಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಭೇಟಿ ಕೊಟ್ಟಿತು. ಕಾಲೇಜು ಕೊಟ್ಟ ವರದಿಯಲ್ಲಿ ರೋಸಲಿಂಡ್ ಫ್ರ್ಯಾಂಕ್ಲಿನ್ ಅವರ ಅಪ್ರಕಟಿತ ಡಿಎನ್‌ಎ ಅಳತೆಗಳಿದ್ದವು. ಸಮಿತಿಯಲ್ಲಿದ್ದ ಮ್ಯಾಕ್ಸ್ ಪೆರುಟ್ಜ್ 1953ರ ಫೆಬ್ರುವರಿಯಲ್ಲಿ ಅದನ್ನು ಡಿಎನ್‌ಎ ರಚನೆ ಹುಡುಕುತ್ತಿದ್ದ ವಾಟ್ಸನ್, ಕ್ರಿಕ್ ಅವರಿಗೆ ತೋರಿಸಿದರು. ಡಿಎನ್‌ಎಯ ಎರಡು ಎಳೆಗಳು ವಿರುದ್ಧ ದಿಕ್ಕಿಗೆ ಸಾಗುತ್ತವೆಂದು ತೀರ್ಮಾನಿಸಲು ಕ್ರಿಕ್ ಅವರಿಗೆ ಆ ಅಳತೆಗಳು ನೆರವಾದವು. ಫ್ರ್ಯಾಂಕ್ಲಿನ್ ಅವರನ್ನು ಯಾರೂ ಕೇಳಲಿಲ್ಲ. 1969ರಲ್ಲಿ ಪೆರುಟ್ಜ್ ಕೊಟ್ಟ ವಿವರಣೆ ಇದು: ವರದಿ ಗೋಪ್ಯವಾಗಿರಲಿಲ್ಲ, ಆದರೂ ಸೌಜನ್ಯಕ್ಕಾಗಿ ಪ್ರಯೋಗಾಲಯದ ಮುಖ್ಯಸ್ಥರ ಒಪ್ಪಿಗೆ ಕೇಳಬೇಕಿತ್ತು.

ಒಂದು ಮಾತು ಬರೆದಿದ್ದರೆ ಆ ವರದಿಗೆ ಬೇಲಿ ಇರುತ್ತಿತ್ತು. ನೀವು ಬರೆಯಿರಿ: "ಈ ಕಡತಗಳು ಅಪ್ರಕಟಿತ. ಈ ಪ್ರಬಂಧದ ರಿವ್ಯೂಗಾಗಿ ಮಾತ್ರ ಕೊಟ್ಟಿದ್ದೇವೆ. ಬೇರೆಯವರಿಗೆ ತೋರಿಸುವಂತಿಲ್ಲ, ಬೇರೆ ಕೆಲಸಕ್ಕೆ ಬಳಸುವಂತಿಲ್ಲ." ಇದನ್ನು ಸಂಪಾದಕರಿಗೆ ಬರೆಯುವ ಪತ್ರದಲ್ಲೂ ಕಡತದ ಮೊದಲ ಸಾಲಿನಲ್ಲೂ ಇಡಿ. ರಿವ್ಯೂಗೆ ಬಂದದ್ದನ್ನು ರಿವ್ಯೂವರ್ ಸ್ವಂತ ಲಾಭಕ್ಕೆ ಬಳಸಬಾರದೆಂದು ಪ್ರಕಾಶನ ನೀತಿಯ ಅಂತರರಾಷ್ಟ್ರೀಯ ಸಮಿತಿ 'ಕೋಪ್' ಸ್ಪಷ್ಟವಾಗಿ ಹೇಳಿದೆ.

ತಾರೀಖೂ ನಿಮ್ಮ ಕಾವಲುಗಾರ. ಭಂಡಾರಕ್ಕೆ ಕಡತ ಸೇರಿದ ದಿನ, ಪ್ರಿಪ್ರಿಂಟ್ (ರಿವ್ಯೂಗೆ ಮೊದಲೇ ತೆರೆದಿಡುವ ಪ್ರಬಂಧದ ಪ್ರತಿ) ಹಾಕಿದ ದಿನ, ರೋಗಿಗಳ ಮೇಲಿನ ಪ್ರಯೋಗವಾದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ನೋಂದಾಯಿಸಿದ ದಿನ, ಎಲ್ಲವೂ ನಾಳೆ ಸಾಕ್ಷಿ ಹೇಳುತ್ತವೆ.

7. ಊರವರ ಮಾನ ಕಾಯಿರಿ

ಬೆಂಗಳೂರಿನ ದತ್ತಾಂಶದಲ್ಲಿ '24 ವರ್ಷದ ಮಹಿಳೆ' ಎಂದರೆ ಯಾರೆಂದು ತಿಳಿಯುವುದಿಲ್ಲ. ಮುರಗೋಡದ ಸುತ್ತಲಿನ ಒಂದು ಸಣ್ಣ ಹಳ್ಳಿಯ ಹೆಸರು, ವಯಸ್ಸು, ಹೆರಿಗೆಯ ತಾರೀಖು ಮೂರೂ ಒಂದೇ ಸಾಲಿನಲ್ಲಿದ್ದರೆ ಆಕೆ ಯಾರ ಮನೆಯ ಸೊಸೆ ಎಂಬುದು ಊರಿಗೇ ಗೊತ್ತಾಗುತ್ತದೆ. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯದು.

ಊರಿನ ಬದಲು ಸಂಕೇತ ಸಂಖ್ಯೆ ಹಾಕಿ. ತಾರೀಖಿನ ಬದಲು 'ಹೆರಿಗೆಯಾದ 7ನೆಯ ದಿನ' ಎಂಬಂತೆ ಬರೆಯಿರಿ. ವಯಸ್ಸನ್ನು ಗುಂಪು ಮಾಡಿ. ಎಕ್ಸೆಲ್‌ನಲ್ಲಿ ಬಚ್ಚಿಟ್ಟ ಕಾಲಂಗಳನ್ನು ತೆರೆದು ನೋಡಿ. ಫೋನ್ ನಂಬರು, ಆಧಾರ್ ಅಲ್ಲಿ ಅಡಗಿ ಕೂತಿರುತ್ತವೆ. ಫೋಟೊದೊಳಗೂ ಜಿಪಿಎಸ್ ಜಾಗ ಇರುತ್ತದೆ, ತೆಗೆದುಹಾಕಿ.

ಇದಕ್ಕೆ ಮೊದಲೇ ಆಗಬೇಕಾದ ಕೆಲಸವೂ ಇದೆ: ಒಪ್ಪಿಗೆ ಪತ್ರ. "ನಿಮ್ಮ ಹೆಸರು ತೆಗೆದ ಮಾಹಿತಿಯನ್ನು ಬೇರೆ ತಜ್ಞರಿಗೂ ತೋರಿಸಬಹುದು" ಎಂಬ ಸಾಲನ್ನು ಅದರಲ್ಲಿ ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿ ಪಡೆಯಿರಿ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎರಡನ್ನೂ ಓದಿಕೊಳ್ಳಿ. ಪೂರ್ತಿ ಗುರುತು ಮುಚ್ಚಲು ಆಗದ ದತ್ತಾಂಶವಾದರೆ ಹಾಗೆಂದೇ ಸಂಪಾದಕರಿಗೆ ಬರೆದು, ನೈತಿಕ ಸಮಿತಿಯ ಅನುಮತಿಯಂತೆ ನಿರ್ಬಂಧಿತವಾಗಿ ತೋರಿಸುವ ದಾರಿ ಕೇಳಿ.

8. ಹಕ್ಕು ಕೋರುವುದಿದ್ದರೆ ಮೊದಲು ಅರ್ಜಿ ಹಾಕಿ

ಸಂಪಾದಕರ ಮೂಲಕ ಗೋಪ್ಯವಾಗಿ ತೋರಿಸುವುದು ಬೇರೆ, ಎಲ್ಲರಿಗೂ ತೆರೆದಿಡುವುದು ಬೇರೆ. ಪ್ರಿಪ್ರಿಂಟ್ ಆಗಲಿ, ಯಾರು ಬೇಕಾದರೂ ನೋಡಬಹುದಾದ ಭಂಡಾರವಾಗಲಿ ಪ್ರಕಟಣೆಯೇ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಪ್ರಕಟಿಸಿದ ಮೇಲೆ ಅರ್ಜಿ ಹಾಕಲು ಇರುವ ವಿನಾಯಿತಿ ಬಹಳ ಕಿರಿದು. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಸಲ್ಲಿಸಲು 12 ತಿಂಗಳು ಸಿಗುತ್ತವೆ. ಅದನ್ನು ಹಾಕಿ, ಆಮೇಲೆ ಪ್ರಬಂಧ ಕಳಿಸಿ.

ಧಾರವಾಡದ ಡಿಎಸ್‌ಬಿ 21 ಸೋಯಾ ತಳಿ ತುಕ್ಕು ರೋಗ ತಡೆಯುತ್ತದೆ. ಇಂಥ ತಳಿಯ ಮೇಲೆ ಕೆಲಸ ಮಾಡುವವರು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ತಿಳಿದಿರಬೇಕು. ಬೆಳಗಾವಿಯಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ. ಅಲ್ಲಿ ನಡೆಯುವಂಥ ಗಿಡಮೂಲಿಕೆಯ ಸಂಶೋಧನೆಗೆ 2002ರ ಜೀವವೈವಿಧ್ಯ ಕಾಯ್ದೆಯೂ ಅನ್ವಯಿಸುತ್ತದೆ. ಅಪರೂಪದ ಗಿಡ ಸಿಕ್ಕ ನಿಖರ ಜಾಗವನ್ನು ತೆರೆದ ಕಡತದಲ್ಲಿ ಹಾಕಬೇಡಿ. ಪ್ರಬಂಧ ಓದಿದವರು ಬೇರುಸಹಿತ ಕಿತ್ತೊಯ್ಯಬಾರದಲ್ಲ!

9. ಕಡತ ತಾನೇ ಮಾತಾಡಲಿ

ರಿವ್ಯೂವರ್ ನಿಮ್ಮ ಪಕ್ಕ ಕೂತಿಲ್ಲ. ಹೀಗಾಗಿ 'ಮೊದಲು ಇದನ್ನು ಓದಿ' ಎಂಬ ಒಂದು ಪುಟದ ಕಡತ ಇರಲೇಬೇಕು. ಅದರಲ್ಲಿ:

- ಪ್ರತಿ ಕಾಲಂ ಏನು ಹೇಳುತ್ತದೆ, ಮಾನ ಯಾವುದು. ಇಳುವರಿ ಎಕರೆಗೋ, ಹೆಕ್ಟೇರಿಗೋ? ಒಂದು ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. ಇಲ್ಲಿ ಎಡವಿದರೆ ಫಲಿತಾಂಶವೇ ತಲೆಕೆಳಗು.
- ಖಾಲಿ ಮನೆ ಎಂದರೆ ಅಳೆಯಲಿಲ್ಲವೆಂದೋ, ಬೆಳೆಯೇ ಬರಲಿಲ್ಲವೆಂದೋ. ಶೂನ್ಯಕ್ಕೂ ಖಾಲಿಗೂ ಅಜಗಜಾಂತರ.
- ಯಾವ ಕಡತದಿಂದ ಯಾವ ಕೋಷ್ಟಕ, ಯಾವ ಚಿತ್ರ ಬಂತು. ಲೆಕ್ಕಾಚಾರದ ಕೋಡ್ ಇದ್ದರೆ ಅದನ್ನೂ ಸೇರಿಸಿ.

ಎಕ್ಸೆಲ್ ಬಗ್ಗೆ ಎಚ್ಚರ. ಅದು ಕೆಲವು ಜೀನ್‌ಗಳ ಹೆಸರನ್ನು ತಾನಾಗಿಯೇ ತಾರೀಖು ಮಾಡಿಬಿಡುತ್ತದೆ. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದು ಭಾಗದಲ್ಲಿ ಈ ದೋಷವಿದೆಯೆಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ 2020ರಲ್ಲಿ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಬಿತ್ತನೆಯ ತಾರೀಖು 6/7 ಎಂದಿದ್ದರೆ ಅದು ಜುಲೈ 6 ಆಗಿರಬಹುದು, ಜೂನ್ 7 ಆಗಿರಬಹುದು. ಮಳೆಯನ್ನೇ ನಂಬಿದ ಎರೆಭೂಮಿಯ ಬೆಳೆಗೆ ಒಂದು ತಿಂಗಳ ವ್ಯತ್ಯಾಸವೆಂದರೆ ಬೇರೆಯೇ ಹಂಗಾಮು. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ಸರಳವಾದ ಸಿಎಸ್‌ವಿ ಕಡತದಲ್ಲಿ ಉಳಿಸಿ.

10. ಮನೆಯ ಮಾತು ಮೊದಲೇ ಮುಗಿಸಿ

ದತ್ತಾಂಶ ನಿಮ್ಮೊಬ್ಬರದಲ್ಲ. ಮಾರ್ಗದರ್ಶಕರು, ಸಹಲೇಖಕರು, ಸಂಸ್ಥೆ, ಹಣ ಕೊಟ್ಟವರು, ಎಲ್ಲರಿಗೂ ಪಾಲಿದೆ. ರಿವ್ಯೂವರ್ ಕೇಳಿದ ದಿನ ಒಪ್ಪಿಗೆಗಾಗಿ ಓಡಾಡಿದರೆ ಗಡುವು ಮೀರುತ್ತದೆ, ಮನಸ್ತಾಪವೂ ಬೆಳೆಯುತ್ತದೆ.

ಪ್ರಬಂಧ ಬರೆಯಲು ಕೂಡುವ ಮೊದಲೇ ಗೈಡ್ ಹತ್ತಿರ ಹೋಗಿ. "ಸರ್, ನಾಳೆ ರಿವ್ಯೂವರ್ ಮೂಲ ಡೇಟಾ ಕೇಳಿದ್ರ ಏನೇನು ಕೊಡೂಣ್ರಿ?" ಎಂದು ಕೇಳಿ. ಅವರು ಹೇಳಿದ್ದನ್ನು ಬರೆದು ಎಲ್ಲ ಸಹಲೇಖಕರಿಗೂ ಮೇಲ್ ಮಾಡಿ. ಇದರಲ್ಲಿ ಸಂಕೋಚ ಬೇಡ. ಕೇಳುವ ಶಿಷ್ಯರ ಮೇಲೆ ಒಳ್ಳೆಯ ಗುರುಗಳಿಗೆ ಅಭಿಮಾನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

11. ತಪ್ಪು ಸಿಕ್ಕರೆ ಕೈ ಮುಗಿಯಿರಿ

ರಿವ್ಯೂವರ್ ನಿಮ್ಮ ಕಡತ ತೆರೆದು ಒಂದು ತಪ್ಪು ಹಿಡಿದರೆ ಮೊದಲು ಸಿಟ್ಟು, ಆಮೇಲೆ ನಾಚಿಕೆ ಬರುವುದು ಸಹಜ. ಒಂದು ರಾತ್ರಿ ಹೋಗಲಿ. ಮರುದಿನ ಕಿರ್ದಿ ತೆರೆದು ಮೂಲದಿಂದ ಲೆಕ್ಕ ಹಾಕಿ. ತಪ್ಪು ನಿಜವಾದರೆ ಒಪ್ಪಿಕೊಂಡು, ತಿದ್ದಿ, ಅದರಿಂದ ಫಲಿತಾಂಶ ಎಷ್ಟು ಬದಲಾಯಿತೆಂದು ಅಂಕಿಯಲ್ಲೇ ಹೇಳಿ. ಹಳೆಯ ಕಡತ ಅಳಿಸಬೇಡಿ. ಹೊಸದಕ್ಕೆ 'ಆವೃತ್ತಿ 2' ಎಂದು ಹೆಸರಿಡಿ.

ರಿವ್ಯೂವರ್ ಹೇಳಿದ್ದೇ ತಪ್ಪಾಗಿದ್ದರೂ ದಾರಿ ಒಂದೇ: ವಿನಯದ ಮಾತು, ಗಟ್ಟಿ ಅಂಕಿ. ಅಚ್ಚಾಗುವ ಮೊದಲು ನಾಲ್ಕು ಗೋಡೆಯೊಳಗೆ ಸಿಕ್ಕ ತಪ್ಪು ಪಾಠವಾಗುತ್ತದೆ. ಅಚ್ಚಾದ ಮೇಲೆ ಊರ ಮುಂದೆ ಸಿಕ್ಕರೆ ಅದೇ ಕಳಂಕ.

12. ನಾಳೆ ನೀವೇ ರಿವ್ಯೂವರ್ ಆದಾಗ

ಇಂದು ಪ್ರಬಂಧ ಕಳಿಸುವವರಿಗೆ ನಾಳೆ ರಿವ್ಯೂ ಮಾಡುವ ಕರೆ ಬರುತ್ತದೆ. ಆಗ ನಿಮ್ಮ ಕೈಯಲ್ಲಿರುವುದು ಇನ್ನೊಬ್ಬರ ಮಡಿಲ ಗಂಟು. ಅದೇ ವಿಷಯದಲ್ಲಿ ನೀವೂ ಪೈಪೋಟಿಯಲ್ಲಿದ್ದರೆ ಸಂಪಾದಕರಿಗೆ ತಿಳಿಸಿ ಹಿಂದೆ ಸರಿಯಿರಿ. ಕೈಕೆಳಗಿನ ವಿದ್ಯಾರ್ಥಿಯ ನೆರವು ಬೇಕಾದರೆ ಸಂಪಾದಕರ ಒಪ್ಪಿಗೆ ಪಡೆದೇ ತೋರಿಸಿ. ಪ್ರಬಂಧವನ್ನೂ ದತ್ತಾಂಶವನ್ನೂ ಎಐ ಚಾಟ್‌ಬಾಟ್‌ಗೆ ಹಾಕಬೇಡಿ. ಹಾಕಿದ್ದು ಎಲ್ಲಿಗೆ ಹೋಗುತ್ತದೆಂಬ ಖಾತ್ರಿ ನಿಮಗಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅನುದಾನ ಅರ್ಜಿಗಳ ರಿವ್ಯೂನಲ್ಲಿ ಇದನ್ನು 2023ರಲ್ಲೇ ನಿಷೇಧಿಸಿದೆ. ಕೆಲಸ ಮುಗಿದ ದಿನ ಕಡತಗಳನ್ನು ಅಳಿಸಿಹಾಕಿ.

ಮೂಲ ದತ್ತಾಂಶ ಕೇಳುವ ಧೈರ್ಯವೂ ನಿಮಗಿರಲಿ. ಕೇಳುವಾಗ ಕಾರಣ ಹೇಳಿ, ಎಷ್ಟು ಬೇಕೋ ಅಷ್ಟನ್ನೇ ಕೇಳಿ.

ಕೊನೆಯದಾಗಿ

ಎರಡನೆಯ ಸೂತ್ರದಲ್ಲಿ ಹೇಳಿದ ಬೆಳಗಾವಿ ಜಿಲ್ಲೆಯ ಅಧ್ಯಯನದ ಫಲಿತಾಂಶ 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ನಮ್ಮ ಹಳ್ಳಿಗಳ 1,620 ತಾಯಂದಿರು ಅದರಲ್ಲಿ ಪಾಲ್ಗೊಂಡಿದ್ದರು. ಹೆರಿಗೆ ಮಾಡಿಸಿದವರು ಹಳ್ಳಿಯ ಆರೋಗ್ಯ ಸಹಾಯಕಿಯರು. ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ ಪಡೆಯದವರಲ್ಲಿ ಅತಿ ರಕ್ತಸ್ರಾವ ಶೇ. 12 ಇದ್ದರೆ, ಪಡೆದವರಲ್ಲಿ ಶೇ. 6.4 ಇತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಳ್ಳಿಯ ಮನೆಯಲ್ಲಿ, ಉಪಕೇಂದ್ರದಲ್ಲಿ ಒಬ್ಬ ಸಹಾಯಕಿ ಗೆರೆ ನೋಡಿ ಬರೆದ ಅಂಕಿ ಜಗತ್ತಿನ ತಾಯಂದಿರಿಗೆ ದಾರಿಯಾಯಿತು. ಆಕೆ ಕಣ್ಣಂದಾಜಿನಲ್ಲಿ ಬರೆದಿದ್ದರೆ ಆಗುತ್ತಿರಲಿಲ್ಲ.

ನಿಮ್ಮ ಕಡತದಲ್ಲಿರುವ ಅಂಕಿಗಳೂ ಹಾಗೆಯೇ. ಬಿಸಿಲಿನಲ್ಲಿ ನಿಂತು ತೆನೆ ಎಣಿಸಲು ಬಿಟ್ಟ ರೈತರದು, ನಂಬಿ ಬೆರಳು ಚುಚ್ಚಿಸಿಕೊಂಡ ಅಜ್ಜಿಯದು, ಮನೆಮನೆ ತಿರುಗಿದ ಆಶಾ ಅಕ್ಕನದು. ಅವನ್ನು ಬಚ್ಚಿಟ್ಟು ಕೊಳೆಯಲು ಬಿಡಬೇಡಿ, ಬೀದಿಗೂ ಚೆಲ್ಲಬೇಡಿ. ಒಪ್ಪವಾಗಿ ಜೋಡಿಸಿ, ಗುರುತು ಕಾದು, ಬಲ್ಲವರ ಮುಂದೆ ಧೈರ್ಯವಾಗಿ ಇಡಿ. ಪ್ರಬಂಧ ಬರೆಯುವ ದಿನಕ್ಕೆ ಕಾಯದೆ ಇವತ್ತೇ ಸಂಜೆ ಮೂಲ ಕಡತದ ಒಂದು ಪ್ರತಿ ಮಾಡಿ, 'ಮೊದಲು ಇದನ್ನು ಓದಿ' ಪುಟದ ಮೊದಲ ಸಾಲು ಬರೆಯಿರಿ. ರಿವ್ಯೂವರ್ ಕೇಳಿದಾಗ ನೀವೂ ಆ ರೈತನಂತೆ ಹೇಳುವಂತಾಗಲಿ: "ಇನ್ನೂ ಒಳಗ ಕೈ ಹಾಕ್ರಿ."